ಗಂಡ, ಮಕ್ಕಳು ಇಲ್ಲದವಳ ಮನೆತನ ಹುಡುಕೋದು ಹೇಗೆ?

ಬ್ಲಾಂಚ್ ಪ್ಯಾರಿ ಬಗ್ಗೆ ಮಾತು ತೆಗೆದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. "ಮದುವೆಯಾಗಿಲ್ಲ, ಮಕ್ಕಳಿಲ್ಲ. ಐನೂರು ವರ್ಷದ ಹಿಂದಿನ ಇಂಥ ಹೆಂಗಸಿನ ಬಂಧುಬಳಗ ಹೇಗೆ ಗೊತ್ತಾಗುತ್ತೆ?"

ಬ್ಲಾಂಚ್ ಇಂಗ್ಲೆಂಡಿನ ಮೊದಲನೇ ಎಲಿಜಬೆತ್ ರಾಣಿಯ ಹಿರಿಯ ಸಖಿ. ರಾಣಿಯ ಒಡವೆ, ಪುಸ್ತಕಗಳು ಆಕೆಯ ಸುಪರ್ದಿಯಲ್ಲಿದ್ದವು. ಹುಟ್ಟಿದ್ದು 1507 ಅಥವಾ 1508ರಲ್ಲಿ, ವೇಲ್ಸ್ ಗಡಿಯ ಹೆರಿಫರ್ಡ್‌ಶೈರ್‌ನಲ್ಲಿ, ಬ್ಯಾಕ್ಟನ್ ಹಳ್ಳಿಯ ನ್ಯೂಕೋರ್ಟ್ ಮನೆಯಲ್ಲಿ. ಹುಟ್ಟು, ಮದುವೆ, ಸಾವು ದಾಖಲಾಗುವ ಚರ್ಚಿನ ದಫ್ತರ ನೋಡೋಣ ಅಂದ್ರೆ, ಅದನ್ನು ಬರೆದಿಡಿ ಅಂತ ಅಪ್ಪಣೆಯಾದದ್ದೇ 1538ರಲ್ಲಿ. ಆಗ ಆಕೆಗೆ ಮೂವತ್ತು ವರ್ಷ.

ಅಪ್ಪನ ಕಡೆ ಹೋದರೆ ಹೆಸರುಗಳೇ ಜಾರುತ್ತವೆ. ಮುತ್ತಜ್ಜ ಹ್ಯಾರಿ ದೀ, ಅಜ್ಜ ಮೈಲ್ಸ್ ಆಪ್ ಹ್ಯಾರಿ, ಅಪ್ಪ ಹೆನ್ರಿ ಮೈಲ್ಸ್, ಮಗಳು ಪ್ಯಾರಿ. ಒಂದೇ ಮನೆ, ತಲೆಮಾರಿಗೊಂದು ಹೆಸರು. 'ಆಪ್ ಹ್ಯಾರಿ', ಅಂದರೆ ಹ್ಯಾರಿಯ ಮಗ, ಕೂಡಿಕೊಂಡು ಪ್ಯಾರಿ ಆಗಿದೆ. ಇಲ್ಲಿ ಕೈಹಿಡಿಯುವವರು ವೇಲ್ಸ್‌ನ ಕವಿಗಳು. ನಮ್ಮ ಹೆಳವರ ಹಾಗೆ ಅವರಿಗೂ ದೊಡ್ಡ ಮನೆಗಳ ವಂಶ ಬಾಯಿಪಾಠ. 15ನೇ ಶತಮಾನದ ಗಿಟೋರ್ ಗ್ಲಿನ್ ಈ ಹ್ಯಾರಿ ದೀಯನ್ನು ಹೊಗಳಿ ಹಾಡಿದ್ದಾನೆ.

ಆದರೆ ನಿಜವಾದ ಸುಳಿವು ಇರೋದು ತಾಯಿ ಕಡೆ. ತಾಯಿ ಆಲಿಸ್ ಮಿಲ್ಬೋರ್ನ್. ಅವಳ ಒಡಹುಟ್ಟಿದವಳ ಹೆಸರೂ ಬ್ಲಾಂಚ್. ಅವಳೇ ವೇಲ್ಸ್‌ನ ಟ್ರಾಯ್ ಅನ್ನೋ ಮನೆಯ ಲೇಡಿ ಹರ್ಬರ್ಟ್. ಎಂಟನೇ ಹೆನ್ರಿಯ ಮಕ್ಕಳಾದ ಎಲಿಜಬೆತ್, ಎಡ್ವರ್ಡರನ್ನು ನೋಡಿಕೊಂಡವಳು. ಗಡಿನಾಡಿನ ಹುಡುಗಿಗೆ ಅರಮನೆಯ ಬಾಗಿಲು ತೆರೆದದ್ದು ಈಕೆಯಿಂದಲೇ ಅನ್ನೋದರಲ್ಲಿ ನನಗೆ ಅನುಮಾನವಿಲ್ಲ. ಗಂಡಸರ ಹೆಸರಷ್ಟೇ ಇರುವ ವಂಶವೃಕ್ಷದಲ್ಲಿ ಈ ನಂಟು ಕಾಣೋದೇ ಇಲ್ಲ.

ಬ್ಯಾಕ್ಟನ್ ಚರ್ಚಿನ ಸ್ಮಾರಕವನ್ನೂ ನೋಡಬೇಕು. ಬ್ಲಾಂಚ್ ಬದುಕಿದ್ದಾಗಲೇ ಮಾಡಿಸಿದ್ದು. ರಾಣಿ ನಮ್ಮತ್ತ ಮುಖ ಮಾಡಿ ಕೂತಿದ್ದಾಳೆ, ಪಕ್ಕದಲ್ಲಿ ಬ್ಲಾಂಚ್ ಮಂಡಿಯೂರಿದ್ದಾಳೆ. ಕಲ್ಲಿನ ಮೇಲಿನ ಪದ್ಯದಲ್ಲಿ ಆಕೆಯೇ ಮಾತಾಡುತ್ತಾಳೆ: ನಾನು ನ್ಯೂಕೋರ್ಟ್‌ನವಳು, ಪ್ಯಾರಿಯ ಮಗಳು, ರಾಣಿಯ ತೊಟ್ಟಿಲು ತೂಗಿದ್ದನ್ನು ಕಂಡವಳು. ರಾಣಿ ಹುಟ್ಟಿದ್ದು 1533ರಲ್ಲಿ. ಹಾಗಾದರೆ ಬ್ಲಾಂಚ್ ಯಾವಾಗಿನಿಂದ ಅರಮನೆಯಲ್ಲಿದ್ದಳು ಅನ್ನೋದೂ ಅಲ್ಲೇ ಸಿಕ್ಕಿತು, ಅಲ್ವಾ?

ಇನ್ನು ಮದುವೆಯ ಮಾತು. ಮದುವೆಯಾಗದ್ದು ಕೊರತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆ ಕಾಲದಲ್ಲಿ ಗಂಡನ ಒಪ್ಪಿಗೆಯಿಲ್ಲದೆ ಹೆಂಡತಿ ಉಯಿಲು ಬರೆಯುವಂತಿರಲಿಲ್ಲ. ಬ್ಲಾಂಚ್‌ಗೆ ಆ ಅಡ್ಡಿಯೇ ಇರಲಿಲ್ಲ. 1578ರ ಉಯಿಲಿನ ಕರಡು ರಾಣಿಯ ಮಂತ್ರಿ ವಿಲಿಯಂ ಸೆಸಿಲ್ ಕೈಬರಹದಲ್ಲೇ ಇದೆ. 1590ರಲ್ಲಿ ಆಕೆ ತೀರಿಕೊಂಡಾಗ ಜಾರಿಗೆ ಬಂದ ಕೊನೆಯ ಉಯಿಲಿನಲ್ಲಿ ತನ್ನ ಅತ್ಯುತ್ತಮ ವಜ್ರ ರಾಣಿಗೆ, ಬ್ಯಾಕ್ಟನ್‌ನ ಬಡವರಿಗೆ ಹಣ. ಬಂಧುಗಳ ಹೆಸರುಗಳೂ ಇವೆ, ಒಡಹುಟ್ಟಿದವರ ಮೊಮ್ಮಕ್ಕಳ ತನಕ. ನೀವೂ ಹುಡುಕಲು ಹೊರಟರೆ ಮದುವೆಯಾಗದವರ, ವಿಧವೆಯರ ಉಯಿಲುಗಳನ್ನೇ ಮೊದಲು ತೆಗೆಯಿರಿ. ಅದರಲ್ಲಿರುವ ಹೆಂಗಸರ ಹೆಸರುಗಳನ್ನೆಲ್ಲ ಬರೆದುಕೊಂಡು, ಆಮೇಲೆ ಅವರ ಉಯಿಲುಗಳನ್ನು ಹುಡುಕಿ.