ತೂಗುವ ತಂಬೂರಿ

ದಾವಣಗೆರೆ, ಶನಿವಾರ, 14 ಜೂನ್ 2025

ಭಾವನ ಮನೆಯಿಂದ ಬಂದು ಗಂಟೆಯಾಯಿತು. ನಿದ್ದೆ ಹತ್ತಿರ ಸುಳಿಯುತ್ತಿಲ್ಲ.

ಗ್ರಾಮಫೋನ್ ತಟ್ಟೆ ತಿರುಗಿಸುವ ಎರಡೂವರೆ ಲಕ್ಷದ ಟರ್ನ್‌ಟೇಬಲ್ ಕೊನೆಗೂ ಎಂಸಿಸಿ ‘ಬಿ’ ಬ್ಲಾಕ್‌ನ ಭಾವನ ಮನೆಗೆ ಬಂದಿಳಿದಿದೆ. ಆಂಪ್ಲಿಫೈಯರ್, ಸ್ಪೀಕರ್‌ಗಳ ಲೆಕ್ಕ ಬೇರೆ. ‘ಅಪ್ಪಾಜಿಯ ತಟ್ಟೆ ತೆಗೆದುಕೊಂಡು ಬಾ’ ಎಂದು ಭಾವ ಮೂರು ಸಲ ಫೋನ್ ಮಾಡಿದ್ದರು. ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಆಟೊದಲ್ಲಿ ಎದೆಗವಚಿಕೊಂಡು ಒಯ್ದೆ.

ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಬರೆಯಬೇಕು. ಮನ್ಸೂರರು ಒಂದು ತಾನ್ ಮುಗಿಸಿ ಉಸಿರೆಳೆದುಕೊಂಡದ್ದು ಕೇಳಿಸಿತು. ಮೂವತ್ತು ವರ್ಷಗಳಿಂದ ಇದೇ ತಟ್ಟೆಯನ್ನು ಕೇಳುತ್ತಿದ್ದೇನೆ, ಆ ಉಸಿರು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯ ಎಚ್‌ಎಂವಿ ರೆಕಾರ್ಡ್ ಪ್ಲೇಯರ್ ಪೆಟ್ಟಿಗೆಯ ಮೋಟರಿನ ಗುಂಯ್‌ಗುಡುವಿಕೆ ಅದನ್ನು ಅಷ್ಟು ಕಾಲವೂ ನುಂಗಿ ಕುಳಿತಿತ್ತು. ತಟ್ಟೆಯ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಲೇಬಲ್ ಹತ್ತಿರ ಬರುವಷ್ಟರಲ್ಲಿ ಅದು 21ರ ಆಸುಪಾಸಿಗೆ ಇಳಿದಿರುತ್ತದೆ. ಅದೇ ಸಂಗೀತ ಇಕ್ಕಟ್ಟಾದ ಜಾಗದಲ್ಲಿ ಹಿಡಿಯಬೇಕು. ನಮ್ಮ ಮನೆಯಲ್ಲಿ ಅಲ್ಲಿಗೆ ಬರುವ ಹೊತ್ತಿಗೆ ದನಿ ಕರಕಲಾಗುತ್ತದೆ. ಭಾವನ ಮನೆಯಲ್ಲಿ ಕೊನೆಯವರೆಗೂ ದುಂಡಗಿತ್ತು.

‘ಮುಳ್ಳು ಎತ್ತಿಕೊಳ್ಳದೆ ಬಿಟ್ಟದ್ದನ್ನು ಆಮೇಲೆ ಯಾವ ಸ್ಪೀಕರ್ ತಂದುಕೊಡುತ್ತದೆ ಹೇಳು’ ಎಂದರು ಭಾವ. ಸ್ಕಾಟ್ಲೆಂಡಿನ ಲಿನ್ ಕಂಪನಿ ಎಪ್ಪತ್ತರ ದಶಕದಿಂದ ಇದೇ ವಾದ ಮಾಡಿ ಟರ್ನ್‌ಟೇಬಲ್ ಮಾರಿದೆ. ವಾದ ಸುಳ್ಳಲ್ಲ. ಆದರೆ ಆ ದುಂಡು ದನಿ ಬಂದದ್ದು ಹೆಚ್ಚಾಗಿ ಹೊಸ, ಸಣ್ಣ ಮೊನೆಯ ಮುಳ್ಳಿನಿಂದ, ಅದನ್ನು ಸರಿಯಾದ ಕೋನದಲ್ಲಿ ಕೂರಿಸಿದ್ದರಿಂದ. ಅಷ್ಟನ್ನು ಎರಡೂವರೆ ಲಕ್ಷದ ಐದನೆಯ ಒಂದು ಭಾಗದಲ್ಲಿ ಪಡೆಯಬಹುದು ಎಂದೆ. ಉಳಿದ ಹಣ ಲೋಹದ ಕೆತ್ತನೆಗೆ, ಬೇರಿಂಗಿನ ನುಣುಪಿಗೆ. ಅದು ಚೆಂದ, ಕಿವಿಗೆ ಅಷ್ಟು ದಕ್ಕುವುದಿಲ್ಲ. ಭಾವ ಉತ್ತರಿಸಲಿಲ್ಲ. ಹಾಗೆ ಹೇಳಬಾರದಿತ್ತೇನೋ. ಮೂರು ವರ್ಷ ಕೂಡಿಟ್ಟ ಹಣ ಅವರದು.

ಎರಡನೆಯ ಬದಿಗೆ ತಿರುವಿದೆವು. ತಂಬೂರಿ ತೂಗತೊಡಗಿತು.

ಒಂದೇ ಸಮನೆ ನಿಲ್ಲಬೇಕಾದ ಷಡ್ಜ, ಆ ‘ಸಾ’ ಸ್ವರ, ಮೆಲ್ಲಗೆ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಭಾವನ ಮುಖ ಬಾಡಿತು. ಮೋಟರ್ ಕೆಟ್ಟಿತೇ, ಬೆಲ್ಟ್ ಜಾರಿತೇ ಎಂದು ಬಗ್ಗಿ ನೋಡಿದರು. ನಾನು ತೋಳನ್ನು ತೋರಿಸಿದೆ. ಮುಳ್ಳು ಹೊತ್ತ ತಲೆ ಒಳಕ್ಕೆ, ಹೊರಕ್ಕೆ, ಒಳಕ್ಕೆ, ಹೊರಕ್ಕೆ, ತೊಟ್ಟಿಲಿನ ಹಾಗೆ ಓಲಾಡುತ್ತಿತ್ತು. ಒಂದು ಸುತ್ತಿಗೆ 1.8 ಸೆಕೆಂಡು, ಒಂದು ಓಲಾಟ. ಯಂತ್ರದ ದೋಷವಲ್ಲ. ಆ ಬದಿಯನ್ನು ಅಚ್ಚೊತ್ತಿದ ದಿನವೇ ಗೆರೆಗಳಿಗೂ ನಡುವಿನ ತೂತಿಗೂ ಹೊಂದಿಕೆ ತಪ್ಪಿದೆ. ತೂತು ಒಂದು ಮಿಲಿಮೀಟರ್ ಸರಿದಿದ್ದರೆ ಸಾಕು, ಒಳಗೆರೆಗಳಲ್ಲಿ ಶ್ರುತಿ ಎರಡೂ ಕಡೆಗೆ ಶೇಕಡಾ 1.5ಕ್ಕಿಂತ ಹೆಚ್ಚು ಜಾರುತ್ತದೆ. ಡಿಸ್ಕ್ ಜಾಕಿಗಳು ತಿರುಗಿಸುವ ಆ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್‌ನ ವೇಗದ ಏರಿಳಿತವನ್ನು ಕಂಪನಿ ಶೇಕಡಾ 0.025 ಎಂದು ಬರೆದುಕೊಂಡಿತ್ತು. ಅಷ್ಟು ನಿಖರವಾಗಿ ತಿರುಗಿಸಿದರೂ ಈ ತಟ್ಟೆ ತೂಗಿಯೇ ತೂಗುತ್ತದೆ. ಪಾಶ್ಚಾತ್ಯ ಡ್ರಮ್ಮಿನ ಸಂಗೀತದಲ್ಲಿ ಇದು ಮರೆಯಾದೀತು. ನಮ್ಮ ತಂಬೂರಿ ಬಿಡುವುದಿಲ್ಲ.

ಅಷ್ಟರಲ್ಲಿ ಅಕ್ಕ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಳು. ತಿಂಡಿಯ ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೇಳಿದಳು.

‘ಇದು ಹೀಗೇ ಅಲ್ಲವೇನೋ ಇದ್ದದ್ದು? ಅಪ್ಪಾಜಿ ಇದರ ಜೊತೆ ಗುನುಗುವಾಗ ಅವರ ದನಿಯೂ ಇಲ್ಲೇ ತೂಗುತ್ತಿತ್ತು.’

ಭಾವ ಕೇಳಿದರು, ‘ಹಾಗಾದರೆ ನಿಲ್ಲಿಸಲೇ?’ ಅಕ್ಕ ಬೇಡವೆಂದಳು. ಬದಿ ಮುಗಿಯುವವರೆಗೆ ಯಾರೂ ಮಿರ್ಚಿ ಮುಟ್ಟಲಿಲ್ಲ.

ನಿಟುವಳ್ಳಿಗೆ ಬರುವಷ್ಟರಲ್ಲಿ ಸಣ್ಣಗೆ ಹನಿಯುತ್ತಿತ್ತು. ಟವೆಲಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಸುತ್ತಿದ್ದೆ.

ನಮ್ಮ ಪೆಟ್ಟಿಗೆಯ ಭಾರದ ತೋಳಿಗೆ ಇನ್ನು ಈ ತಟ್ಟೆಯನ್ನು ಕೊಡುವುದಿಲ್ಲ. ಪ್ರತಿ ಸಲವೂ ಅದು ಗೆರೆಯನ್ನು ಉಳುತ್ತಿದೆ. ಹಗುರ ತೋಳಿನ ಒಂದು ಸಾಧಾರಣ ಯಂತ್ರ, ಒಳ್ಳೆಯ ಮುಳ್ಳು, ತಟ್ಟೆ ತೊಳೆಯಲು ಶುದ್ಧ ನೀರು. ನನಗೆ ಅಷ್ಟು ಸಾಕು, ದೀಪಾವಳಿಯೊಳಗೆ ಮಾಡುತ್ತೇನೆ.

ಓಲಾಟಕ್ಕೂ ಮದ್ದಿದೆ. ತೂತನ್ನು ಅರದಿಂದ ಕೂದಲೆಳೆಯಷ್ಟು ಅಗಲಿಸಿ, ತೋಳು ಅಲುಗದೆ ನಿಲ್ಲುವವರೆಗೆ ತಟ್ಟೆಯನ್ನು ಬೆರಳಿನಿಂದ ತುಸು ತುಸುವೇ ಸರಿಸಿ ಕೂರಿಸಬಹುದು. ತಂಬೂರಿ ನೆಟ್ಟಗೆ ನಿಲ್ಲುತ್ತದೆ. ಅರ ಮೇಜಿನ ಮೇಲೇ ಇದೆ. ತಟ್ಟೆಯ ಲೇಬಲ್ ಮೇಲೆ ಅಪ್ಪಾಜಿ ಪೆನ್ಸಿಲಿನಲ್ಲಿ ಹಾಕಿದ ಅಡಿಗೆರೆ ತೂತಿನ ಅಂಚಿನವರೆಗೂ ಬಂದಿದೆ. ಅಕ್ಕನನ್ನು ಒಂದು ಮಾತು ಕೇಳದೆ