ಹಿತ್ತಲ ಕೋಳಿಗೂಡು: ಮಿನ್ನೆಸೋಟದ ಚಳಿಗೆ ಒಗ್ಗುವ ಸಾಧು ತಳಿಗಳ ಆಯ್ಕೆ

ಜನವರಿ

ಈ ವಸಂತದಲ್ಲಿ ಹಿತ್ತಲಿನಲ್ಲಿ ಆರು ಹೇಂಟೆಗಳನ್ನು ಸಾಕುವುದೆಂದು ಮನೆಯಲ್ಲಿ ನಿಶ್ಚಯವಾಗಿದೆ. ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಉಪನಗರದಲ್ಲಿ. ಜನವರಿಯ ರಾತ್ರಿಗಳಲ್ಲಿ ತಾಪಮಾನ ಮೈನಸ್ 25 ಡಿಗ್ರಿ ಸೆಲ್ಸಿಯಸ್‌ವರೆಗೆ ಇಳಿಯುವುದು ಇಲ್ಲಿ ವಿಶೇಷವೇನಲ್ಲ. ಪರವಾನಗಿ ಪಡೆದವರು ಹೇಂಟೆಗಳನ್ನು ಸಾಕಬಹುದು, ಹುಂಜವನ್ನು ಮಾತ್ರ ಇಟ್ಟುಕೊಳ್ಳುವಂತಿಲ್ಲ. ಮೊಟ್ಟೆಯ ಆಸೆಯೂ ಇದೆಯಾದರೂ ಮಕ್ಕಳಿಬ್ಬರೂ ದಿನವೂ ಒಡನಾಡುವ ಜೀವಗಳಾದ್ದರಿಂದ, ಸಾಧು ಸ್ವಭಾವ ಮತ್ತು ಚಳಿ ತಾಳುವ ಮೈಕಟ್ಟು ಎರಡೂ ಇರುವ ತಳಿಗಳನ್ನೇ ಹುಡುಕಬೇಕಾಗಿದೆ.

ಹಾಸನದ ಕಡೆಯ ನಮ್ಮ ಮನೆಯಲ್ಲಿ ನಾಟಿ ಕೋಳಿಗಳು ಸಂಜೆಯಾದೊಡನೆ ಹಲಸಿನ ಮರ ಹತ್ತಿ ಕೂರುತ್ತಿದ್ದವು; ತಳಿ ಆರಿಸುವ ಪ್ರಶ್ನೆಯೇ ಅಲ್ಲಿರಲಿಲ್ಲ. ವಿಷಯ ತಿಳಿಸಿದಾಗ ಅಮ್ಮ, ಗಿರಿರಾಜವನ್ನೇ ಏಕೆ ತರಬಾರದು ಎಂದು ಕೇಳಿದರು. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ಆ ತಳಿ ನಮ್ಮ ಹಳ್ಳಿಗಳ ಹಿತ್ತಲಿಗೆ ಹೇಳಿ ಮಾಡಿಸಿದಂಥದ್ದು. ಇಲ್ಲಿನ ಹಿಮಕ್ಕಾಗಿ ಅದನ್ನು ಯಾರೂ ರೂಪಿಸಿದ್ದಲ್ಲ.

ಫೆಬ್ರವರಿ

ಓದುತ್ತಾ ಹೋದಂತೆ ಸ್ಪಷ್ಟವಾದ ಸಂಗತಿಯೆಂದರೆ, ಚಳಿಗೆ ಮೊದಲು ತುತ್ತಾಗುವುದು ಕೋಳಿಯ ಜುಟ್ಟು. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ. ಒತ್ತಾದ ಒಳಪುಕ್ಕದ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಅದು ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುತ್ತದೆ. ಪುಕ್ಕದ ರಕ್ಷಣೆ ಇಲ್ಲದಿರುವುದು ಜುಟ್ಟಿಗೆ, ಗಲ್ಲದ ಕೆಳಗೆ ಜೋಲುವ ಕೆಂಪು ಚರ್ಮಕ್ಕೆ ಮತ್ತು ಕಾಲಿಗೆ. ಬಿಳಿ ಲೆಗ್‌ಹಾರ್ನ್‌ನಂತೆ ಗರಗಸದ ಹಲ್ಲಿನ ದೊಡ್ಡ ಒಂಟಿ ಜುಟ್ಟಿರುವ ಕೋಳಿಗಳಲ್ಲಿ ಆ ಹಲ್ಲುಗಳ ತುದಿ ಹೆಪ್ಪುಗಟ್ಟಿ, ಕಪ್ಪಾಗಿ, ಕೊನೆಗೆ ಉದುರಿಹೋಗುವುದುಂಟು. ತಲೆಗೆ ಅಂಟಿಕೊಂಡಂತಿರುವ ಗುಲಾಬಿ ಜುಟ್ಟು, ಮೂರು ಗಿಡ್ಡ ಸಾಲುಗಳ ಬಟಾಣಿ ಜುಟ್ಟು, ಇವುಗಳಿಗೆ ಆ ಅಪಾಯ ಬಹಳ ಕಡಿಮೆ. 1902ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ವಿಲಿಯಂ ಬೇಟ್‌ಸನ್ ಅವರು ಅನುವಂಶೀಯತೆಯ ಕುರಿತಾದ ಮೆಂಡೆಲನ ನಿಯಮಗಳು ಪ್ರಾಣಿಗಳಿಗೂ ಅನ್ವಯಿಸುತ್ತವೆಂದು ತೋರಿಸಿದ್ದು ಇದೇ ಜುಟ್ಟುಗಳ ಆಕಾರವನ್ನು ಇಟ್ಟುಕೊಂಡು. ಶುದ್ಧ ಗುಲಾಬಿ ಜುಟ್ಟಿನ ಕೋಳಿಗೂ ಶುದ್ಧ ಬಟಾಣಿ ಜುಟ್ಟಿನ ಕೋಳಿಗೂ ಹುಟ್ಟಿದ ಮರಿಗಳಿಗೆ ಎರಡನ್ನೂ ಹೋಲದ ಮೂರನೆಯದೊಂದು ಜುಟ್ಟು ಬರುತ್ತದೆ ಎಂಬುದು ನನ್ನ ಮಗಳಿಗೆ ಎಷ್ಟು ಹಿಡಿಸಿತೆಂದರೆ, ಅವಳ ನೋಟ್‌ಪುಸ್ತಕದ ಒಂದು ಪುಟದ ತುಂಬ ಈಗ ಜುಟ್ಟುಗಳ ಚಿತ್ರಗಳೇ ಇವೆ.

ಜುಟ್ಟಿನ ದೃಷ್ಟಿಯಿಂದ ನೋಡಿದರೆ ಕೆನಡಾದ ಶಾಂಟೆಕ್ಲೇರ್‌ಗೆ ಸಮನಾದ ತಳಿ ನನಗೆ ಕಾಣಲಿಲ್ಲ. ಕ್ವಿಬೆಕ್ ಪ್ರಾಂತ್ಯದ ಓಕಾ ಎಂಬಲ್ಲಿನ ಮಠದಲ್ಲಿ ಬ್ರದರ್ ವಿಲ್‌ಫ್ರಿಡ್ ಶಾಟಲೇನ್ ಎಂಬ ಸನ್ಯಾಸಿ, ತಮ್ಮ ನೆಲದ ಚಳಿಗೆ ತಕ್ಕ ಕೋಳಿಯೊಂದು ಕೆನಡಾದಲ್ಲಿ ಇಲ್ಲವೆಂಬುದನ್ನು ಮನಗಂಡು, 1908ರಲ್ಲಿ ಐದು ತಳಿಗಳನ್ನು ಬೆರೆಸುವ ಕೆಲಸಕ್ಕೆ ತೊಡಗಿದರು. ವರ್ಷಗಳ ಆಯ್ಕೆಯ ಫಲವಾಗಿ ಬಂದದ್ದು ಜುಟ್ಟೂ ಜೋಲು ಚರ್ಮವೂ ಬಹುತೇಕ ಇಲ್ಲವೆನ್ನುವಷ್ಟು ಚಿಕ್ಕದಾದ ಬಿಳಿಯ ಕೋಳಿ. 1921ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಅದಕ್ಕೆ ಮಾನ್ಯತೆ ನೀಡಿತು. ಸ್ವಭಾವದಲ್ಲಿ ಇದು ಶಾಂತ ಕೋಳಿಯೇ, ಆದರೆ ಮಡಿಲಿಗೆ ಬಂದು ಕೂರುವ ಜಾತಿಯದಲ್ಲ, ಇಕ್ಕಟ್ಟಿನಲ್ಲಿ ಇಟ್ಟರೆ ಚಡಪಡಿಸುತ್ತದೆ ಎಂದು ಸಾಕಿದವರು ಹೇಳುತ್ತಾರೆ.

ಮಡಿಲಿಗೆ ಬರುವ ಗುಣ ಬೇಕಾದರೆ ಬಫ್ ಆರ್ಪಿಂಗ್‌ಟನ್ ಮತ್ತು ಬ್ರಹ್ಮ ತಳಿಗಳತ್ತ ತಿರುಗಬೇಕು. ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದಲ್ಲಿ ವಿಲಿಯಂ ಕುಕ್ 1894ರಲ್ಲಿ ಹೊರತಂದ ಬಫ್ ಆರ್ಪಿಂಗ್‌ಟನ್ ಹೊಂಬಣ್ಣದ, ಗುಂಡು ಮೈಯ, ತೀರಾ ಸೌಮ್ಯವಾದ ಕೋಳಿ. ಅದರ ಜುಟ್ಟು ಒಂಟಿ ಜುಟ್ಟೇ ಆದರೂ ಲೆಗ್‌ಹಾರ್ನ್‌ನಷ್ಟು ದೊಡ್ಡದಲ್ಲವಾದ್ದರಿಂದ, ಗೂಡು ಒಣಗಿದ್ದರೆ ಚಳಿಗಾಲ ಕಳೆಯುತ್ತದೆಂಬ ಭರವಸೆ ನನಗಿದೆ. ಪದೇ ಪದೇ ಕಾವಿಗೆ ಕೂರುವ ಅದರ ಚಾಳಿಯನ್ನು ಸಹಿಸಿಕೊಳ್ಳಬೇಕು. ಬ್ರಹ್ಮಕ್ಕೆ ಬಟಾಣಿ ಜುಟ್ಟು. ಹೇಂಟೆಯೇ ನಾಲ್ಕು ಕಿಲೋ ದಾಟುತ್ತದೆ, ನಡಿಗೆಯೂ ನಿಧಾನ. ಅದರ ಬೆರಳುಗಳವರೆಗೂ ಇರುವ ಗರಿ ಬೆಚ್ಚಗಿರುತ್ತದೆಂದು ಮೊದಲ ನೋಟಕ್ಕೆ ಅನಿಸಿದರೂ, ಕರಗುವ ಹಿಮದಲ್ಲಿ ನೆನೆದು ಮಂಜುಗಡ್ಡೆ ಕಟ್ಟಿಕೊಂಡರೆ ಅದೇ ಗರಿ ಕಾಲಿಗೆ ಕಂಟಕವಾಗುತ್ತದೆ. ಹಾಗಾಗಿ ಬ್ರಹ್ಮವನ್ನು ತಂದರೆ ಅಂಗಳಕ್ಕೆ ಮಾಡು ಹಾಕಲೇಬೇಕು.

ಬಿಟ್ಟುಬಿಟ್ಟ ತಳಿಗಳ ಪೈಕಿ ಮನಸ್ಸು ಹಿಂಡಿದ್ದು ಎರಡು. ಸಿಲ್ಕಿ ಮಕ್ಕಳ ಮೊದಲ ಆಯ್ಕೆಯಾಗಿತ್ತು, ಆದರೆ ಅದರ ಪುಕ್ಕದ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳದೆ ಬಿಡಿಬಿಡಿಯಾಗಿರುವುದರಿಂದ ನೀರನ್ನು ತಡೆಯುವುದಿಲ್ಲ. ಒದ್ದೆಯಾದ ಸಿಲ್ಕಿಗೆ ಇಲ್ಲಿನ ಚಳಿ ಪ್ರಾಣಾಂತಕ. ಗಡ್ಡದ ಫಾವೆರೋಲ್ ಚಳಿಯನ್ನು ಚೆನ್ನಾಗಿ ತಾಳುತ್ತದೆ, ಅತ್ಯಂತ ಮೃದು ಸ್ವಭಾವದ್ದು; ಆ ಮೃದುತ್ವದಿಂದಲೇ ಬೇರೆ ಕೋಳಿಗಳಿಂದ ಕುಕ್ಕಿಸಿಕೊಳ್ಳುತ್ತದೆ. ತಳಿಯ ಆಯ್ಕೆಯೆಂದರೆ ಹಿಂಡಿನ ಆಯ್ಕೆ ಎಂಬುದು ನನಗೆ ಮನವರಿಕೆಯಾದದ್ದು ಇಲ್ಲಿಯೇ. ರೋಡ್ ಐಲೆಂಡ್ ರೆಡ್‌ನಂಥ ಗಟ್ಟಿಗ ಕೋಳಿಯನ್ನು ಸಾಧು ಕೋಳಿಗಳ ನಡುವೆ ಬಿಟ್ಟರೆ, ಚಳಿಗಾಲದಲ್ಲಿ ಎಲ್ಲವೂ ಒಂದೇ ಗೂಡಿನೊಳಗೆ ದಿನಗಟ್ಟಲೆ ಇರಬೇಕಾದಾಗ ಸಾಧುವಾದವುಗಳಿಗೆ ಓಡಿ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಒಂಟಿಯಾಗಿ ಬಂದ ತಳಿ ಮೂಲೆಗುಂಪಾಗಬಾರದೆಂದು ಶಾಂಟೆಕ್ಲೇರ್, ಬಫ್ ಆರ್ಪಿಂಗ್‌ಟನ್ ಮತ್ತು ಬ್ರಹ್ಮ ತಳಿಗಳಿಂದ ಎರಡೆರಡು ಮರಿಗಳನ್ನು ಕಾದಿರಿಸಿದ್ದೇನೆ.

ಮಾರ್ಚ್ ಕೊನೆ

ಗೂಡಿನ ಚೌಕಟ್ಟು ನಿಂತಿದೆ. ಒಳಗೆ ಕೋಳಿಯೊಂದಕ್ಕೆ ನಾಲ್ಕು ಚದರಡಿ, ಹೊರಗಿನ ಅಂಗಳದಲ್ಲಿ ಹತ್ತು ಚದರಡಿ ಎಂಬ ರೂಢಿಯ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಜಾಗ ಬಿಟ್ಟಿದ್ದೇನೆ. ಗೂಡನ್ನು ಬಿಗಿಯಾಗಿ ಮುಚ್ಚಿ ಬೆಚ್ಚಗಿಡಬೇಕೆಂಬ ಆಸೆ ಯಾರಿಗಾದರೂ ಸಹಜ, ಆದರೆ ಕೋಳಿಗಳ ಉಸಿರಿನಿಂದಲೂ ಹಿಕ್ಕೆಯಿಂದಲೂ ಏಳುವ ತೇವ ಒಳಗೇ ಉಳಿದರೆ ಜುಟ್ಟು ಕೆಡಲು ಅದೇ ಕಾರಣವಾಗುತ್ತದೆ, ಜೊತೆಗೆ ಅಮೋನಿಯ ಉಸಿರಾಟಕ್ಕೆ ತೊಂದರೆ ಕೊಡುತ್ತದೆ. ಆದ್ದರಿಂದ ಕೂರುವ ಕೋಳಿಯ ತಲೆಗಿಂತ ಬಹಳ ಮೇಲೆ, ಮಾಡಿನ ಅಂಚಿಗೆ ಎರಡೂ ಕಡೆ ಗಾಳಿಕಂಡಿಗಳನ್ನು ಬಿಟ್ಟು, ಕೆಳಭಾಗದಲ್ಲಿ ಗಾಳಿ ನೇರವಾಗಿ ಬೀಸದಂತೆ ಮುಚ್ಚಿದ್ದೇನೆ. ಕೂರಲು ದುಂಡು ಕೋಲನ್ನು ಹಾಕದೆ ಮೂರೂವರೆ ಇಂಚು ಅಗಲದ ಚಪ್ಪಟೆ ಪಟ್ಟಿಯನ್ನು ಹಾಕಿರುವುದು, ಕೋಳಿ ಕುಳಿತಾಗ ಎದೆಯ ಪುಕ್ಕ ಇಳಿದು ಬೆರಳುಗಳನ್ನು ಪೂರ್ತಿ ಮುಚ್ಚಲೆಂದು. ಶಾಖದ ದೀಪ ಹಾಕುವುದಿಲ್ಲ. ಒಣ ಹೊಟ್ಟಿನ ಮೇಲೆ ಅದು ಬಿದ್ದರೆ ಗೂಡೇ ಹೊತ್ತಿಕೊಳ್ಳುತ್ತದೆ. ರಕೂನ್ ಮತ್ತು ಮಿಂಕ್‌ಗಳ ಕಾಟವಿರುವುದರಿಂದ ಎಲ್ಲ ಕಂಡಿಗಳಿಗೂ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಜಾಲರಿ ಬಡಿದಾಗಿದೆ.

ಏಪ್ರಿಲ್

ಮರಿಗಳು ಅಂಚೆಯಲ್ಲಿ ಬಂದವು. ಅಮೆರಿಕದ ಅಂಚೆ ಇಲಾಖೆ 1918ರಿಂದಲೂ ದಿನದ ಮರಿಗಳನ್ನು ಸಾಗಿಸುತ್ತಿದೆ. ಮೊಟ್ಟೆಯೊಡೆಯುವ ಮುನ್ನ ಮರಿ ಹೊಟ್ಟೆಯೊಳಗೆ ಎಳೆದುಕೊಂಡ ಮೊಟ್ಟೆಯ ಹಳದಿ ಭಂಡಾರವೇ ಎರಡು ಮೂರು ದಿನ ಅದರ ಆಹಾರವಾಗುವುದರಿಂದ ಇದು ಸಾಧ್ಯ. ಒಂದೊಂದರ ಕೊಕ್ಕನ್ನೂ ನೀರಿಗೆ ಅದ್ದಿ ಕುಡಿಯುವುದನ್ನು ಕಲಿಸಿದೆವು. ಮೊದಲ ವಾರ 35 ಡಿಗ್ರಿ ಶಾಖ, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸುತ್ತಿದ್ದೇವೆ. ಕೋಳಿಗಳಿಗೆ ವೈರಸ್‌ನಿಂದ ಬರುವ ಮಾರೆಕ್ಸ್ ರೋಗದ ಲಸಿಕೆಯನ್ನು ಮರಿ ಮಾಡಿಸುವ ಹ್ಯಾಚರಿಯಲ್ಲೇ ಹಾಕಿಸಿದ್ದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯವಿರುವುದರಿಂದ ಮರಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು, ಮುದ್ದು ಮಾಡುವಾಗ ಮುಖಕ್ಕೆ ತಾಗಿಸಬಾರದು ಎಂಬ ನಿಯಮವನ್ನು ಮಕ್ಕಳು ನಮಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಾರೆ.

ಜೂನ್

ಸ್ವಭಾವದ ವ್ಯತ್ಯಾಸ ಈಗಲೇ ಕಾಣುತ್ತಿದೆ. ಅಂಗಳದೊಳಗೆ ಕುಳಿತರೆ ಆರ್ಪಿಂಗ್‌ಟನ್‌ಗಳೆರಡೂ ಮೊದಲು ಶೂ ಲೇಸನ್ನು ಎಳೆದು ನೋಡಿ, ಆಮೇಲೆ ಮಗನ ತೊಡೆಯೇರಿ, ಕಾಲು ಮಡಿಸಿ, ಕಣ್ಣಿನ ಕೆಳರೆಪ್ಪೆಯನ್ನು ಮೇಲಕ್ಕೆಳೆದು ತೂಕಡಿಸುತ್ತವೆ. ಬ್ರಹ್ಮಗಳಿಗೆ ಎತ್ತಿಕೊಂಡರೆ ಬೇಸರವಿಲ್ಲ, ತಾವಾಗಿ ಹತ್ತಿರ ಬರುವುದೂ ಇಲ್ಲ. ಶಾಂಟೆಕ್ಲೇರ್‌ಗಳು ಕೈಯಲ್ಲಿನ ಕಾಳನ್ನು ಕತ್ತು ಚಾಚಿ ತಿಂದು ಹಿಂದೆ ಸರಿಯುತ್ತವೆ. ಅವು ಇರುವ ಹಾಗೆಯೇ ನನಗೆ ತುಂಬ ಇಷ್ಟ. ಒಂದನ್ನೊಂದು ಬೆದರಿಸುವುದಿದೆ, ರಕ್ತ ಬರುವಂತೆ ಕುಕ್ಕಿದ್ದಿಲ್ಲ.

ಅಂಗಳದ ಮಾಡು ಮುಗಿದಿದೆ. 2022ರಿಂದ ಈ ದೇಶದಲ್ಲಿ ಹಬ್ಬಿರುವ ಹಕ್ಕಿಜ್ವರವನ್ನು ಕಾಡುಬಾತುಗಳು ಹೊತ್ತು ತರುವುದರಿಂದ, ಕೆರೆಗಳೇ ತುಂಬಿರುವ ಈ ರಾಜ್ಯದಲ್ಲಿ ಮೇವಿನ ಮೇಲೆ ಅವುಗಳ ಹಿಕ್ಕೆ ಬೀಳದಂತೆ ತಡೆಯಲೂ ಮಾಡು ಬೇಕಿತ್ತು. ಅಕ್ಟೋಬರ್‌ಗೆ ಮುನ್ನ ಗಾಳಿ ಬೀಸುವ ವಾಯವ್ಯ ದಿಕ್ಕಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಕಟ್ಟಬೇಕು, ನೀರು ಹೆಪ್ಪುಗಟ್ಟದಂತೆ ಬಿಸಿಪೀಠ ಇಡಬೇಕು. ಚಳಿಗಾಲದ ಮೊಟ್ಟೆಗಾಗಿ ಗೂಡಿನಲ್ಲಿ ಹದಿನಾಲ್ಕು ಗಂಟೆ ಬೆಳಕು ಉರಿಸುವ ಪದ್ಧತಿ ಇಲ್ಲಿ ಹಲವರಲ್ಲಿದೆ. ನಾವು ಅದನ್ನು ಮಾಡುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಹಗಲು ಚಿಕ್ಕದಾದಾಗ ಅವು ಮೊಟ್ಟೆ ನಿಲ್ಲಿಸುವುದಾದರೆ ನಿಲ್ಲಿಸಲಿ.