ಜಪಾನಿನ ಕಾಗದದ ಮೇಲೆ ವಿಕ್ಟೋರಿಯಾ ರಾಣಿ ಏಕೆ?

ನನ್ನ ಸಂಗ್ರಹವನ್ನು ತೆರೆದು ತೋರಿಸಿದಾಗಲೆಲ್ಲ ಎದುರಿಗೆ ಕುಳಿತವರು ಕೇಳುವುದು ಇದನ್ನೇ: “ಇವೆಲ್ಲ ನೂರೈವತ್ತು ವರ್ಷಗಳ ಹಿಂದೆ ಜಪಾನಿನಿಂದ ಹಡಗಿನಲ್ಲಿ ಹೋದ ಕಾಗದಗಳು ಎನ್ನುತ್ತೀರಿ. ಹಾಗಾದರೆ ಜಪಾನಿನ ಅಂಚೆಚೀಟಿ ಎಲ್ಲಿದೆ? ಇಲ್ಲಿರುವುದು ವಿಕ್ಟೋರಿಯಾ ರಾಣಿಯಲ್ಲವೇ?”

ರಾಣಿಯೇ. ಆಗ ಬ್ರಿಟಿಷರ ಕೈಯಲ್ಲಿದ್ದ ಹಾಂಗ್‌ಕಾಂಗ್‌ನ ಚೀಟಿ ಅದು. ಅದನ್ನು ಅಂಟಿಸಿ ಠಸ್ಸೆ ಹೊಡೆದದ್ದು ಮಾತ್ರ ಜಪಾನಿನ ನೆಲದಲ್ಲಿ.

1859ರಲ್ಲಿ ಯೊಕೊಹಾಮಾ, ನಾಗಾಸಾಕಿ, ಹಾಕೊದಾತೆ ಬಂದರುಗಳು ವಿದೇಶಿ ವ್ಯಾಪಾರಿಗಳಿಗೆ ತೆರೆದುಕೊಂಡವು. ದೇಶದೊಳಗೆ ಕಾಗದ ಹೊತ್ತು ಓಡುವ ಆಳುಗಳಿದ್ದರು, ಕಡಲಾಚೆಗೆ ಕಳುಹಿಸುವ ಏರ್ಪಾಡು ಇರಲಿಲ್ಲ. ಬಂದವರು ತಮ್ಮ ತಮ್ಮ ಅಂಚೆ ಕಚೇರಿಗಳನ್ನು ತಾವೇ ತೆರೆದರು. ಬ್ರಿಟಿಷರು ಹಾಂಗ್‌ಕಾಂಗ್‌ನ ಚೀಟಿಗಳನ್ನು ಬಳಸಿದರು. ಅವುಗಳ ಮೇಲೆ ‘ವೈ1’ ಎಂಬ ಠಸ್ಸೆಯಿದ್ದರೆ ಅದು ಯೊಕೊಹಾಮಾ, ‘ಎನ್1’ ಇದ್ದರೆ ನಾಗಾಸಾಕಿ. ಫ್ರೆಂಚರು 1865ರಲ್ಲಿ ಯೊಕೊಹಾಮಾಕ್ಕೆ ಬಂದರು, ಅವರ ಠಸ್ಸೆಯ ಅಂಕಿ 5118. ಅಮೆರಿಕದವರು ಕಚೇರಿ ತೆರೆದದ್ದು 1867ರಲ್ಲಿ. ಸ್ಯಾನ್ ಫ್ರಾನ್ಸಿಸ್ಕೊದಿಂದ ‘ಕೊಲೊರಾಡೊ’ ಎಂಬ ಹಡಗು ಪೆಸಿಫಿಕ್ ಸಾಗರದ ಅಂಚೆಯ ಹಾದಿಯನ್ನು ಆರಂಭಿಸಿದ ವರ್ಷ ಅದು. ಒಂದೇ ಊರಿನಲ್ಲಿ ಮೂರು ಪರದೇಶಗಳ ಅಂಚೆ!

ಅದಕ್ಕೇ ನಾನು ಚೀಟಿಯನ್ನು ಬಿಡಿಸಿ ತೆಗೆಯಲು ಯಾರಿಗೂ ಬಿಡುವುದಿಲ್ಲ. ನೀರಿನಲ್ಲಿ ನೆನೆಸಿ ಕಿತ್ತರೆ ಉಳಿಯುವುದು ರಾಣಿಯ ಮುಖವೊಂದೇ. ಅದು ಎಲ್ಲಿಂದ ಹೊರಟಿತು, ಯಾವ ಬಂದರಿನಲ್ಲಿ ಹಡಗು ಬದಲಾಯಿಸಿತು, ಯಾರ ಕೈ ಸೇರಿತು ಎಂಬುದೆಲ್ಲ ಕಾಗದದ ಎರಡು ಬದಿಗಳಲ್ಲಿ ಹರಡಿರುತ್ತದೆ.

ನನಗೆ ಬಹಳ ಪ್ರಿಯವಾದ ಕಾಗದವೊಂದು 1868ರದ್ದು. ಲಕೋಟೆ ಇಲ್ಲ, ಬರೆದ ಹಾಳೆಯನ್ನೇ ಮಡಚಿ ಮೇಲೆ ವಿಳಾಸ ಬರೆದಿದ್ದಾರೆ. ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್‌ನ ಚೀಟಿ, 5118ರ ಠಸ್ಸೆ, ಹೋದದ್ದು ರೇಷ್ಮೆಯ ಊರಾದ ಲಿಯಾನ್‌ಗೆ. ಒಳಗೆ ಮೊದಲಿಂದ ಕೊನೆಯವರೆಗೆ ರೇಷ್ಮೆ ಮೊಟ್ಟೆಯ ದರದ್ದೇ ಮಾತು. ಆ ಕಾಲದಲ್ಲಿ ಪೆಬ್ರಿನ್ ರೋಗ ಫ್ರಾನ್ಸ್, ಇಟಲಿಗಳ ಹುಳುಗಳನ್ನು ಸಾಲುಸಾಲಾಗಿ ಕೊಂದಿತ್ತು. ರೋಗವಿಲ್ಲದ ಮೊಟ್ಟೆಗಾಗಿ ವ್ಯಾಪಾರಿಗಳು ಯೊಕೊಹಾಮಾಕ್ಕೆ ಮುಗಿಬಿದ್ದರು. ಮೊಟ್ಟೆ ಅಂಟಿಸಿದ ಹಾಳೆಗಳು ಹಡಗು ಹತ್ತುತ್ತಿದ್ದವು. ನಾನು ಹುಳು ಸಾಕುವ ಮನೆಯಲ್ಲಿ ಬೆಳೆದವನು. ಹುಳುಗಳಿಗೆ ರೋಗ ತಗುಲಿದ ದಿನ ಮನೆಯಲ್ಲಿ ಯಾರೂ ಊಟ ಮಾಡುತ್ತಿರಲಿಲ್ಲ. ಆ ಕಾಗದದ ಆತುರದ ಅಕ್ಷರಗಳನ್ನು ನೋಡಿದಾಗ ನನಗೆ ಅದೇ ನೆನಪಾಗುತ್ತದೆ. ನಮ್ಮ ಮೈಸೂರು ಸೀಮೆಯ ಹುಳುಗಳೂ ಸೊರಗಿದ್ದಾಗ, 1866ರ ಸುಮಾರಿಗೆ ದೆ ವೆಕ್ಕಿ ಎಂಬ ಇಟಲಿಯವನು ಇಲ್ಲಿಗೂ ಜಪಾನಿನ ಮೊಟ್ಟೆ ತರಿಸಿದ್ದನು.

ಜಪಾನಿನ ಸ್ವಂತ ಚೀಟಿ ಬಂದದ್ದು 1871ರಲ್ಲಿ, ಅಲ್ಲಿನ ಹೊಸ ಅಂಚೆ ವ್ಯವಸ್ಥೆಯನ್ನು ಕಟ್ಟಿದ ಮಾಯೆಜಿಮಾ ಹಿಸೋಕಾ ಅವರ ಮುಂದಾಳತ್ವದಲ್ಲಿ. ಆದರೆ ಆ ಚೀಟಿಗೆ ಕಡಲಾಚೆ ಬೆಲೆಯಿರಲಿಲ್ಲ. ಹೀಗಾಗಿ ಮುಂದಿನ ಕೆಲವು ವರ್ಷ ಒಳನಾಡಿನಿಂದ ಅಮೆರಿಕಕ್ಕೆ ಹೊರಟ ಕಾಗದಕ್ಕೆ ಎರಡು ಚೀಟಿ ಬೇಕಿತ್ತು: ಯೊಕೊಹಾಮಾದವರೆಗೆ ಜಪಾನಿನದು, ಅಲ್ಲಿಂದ ಮುಂದಕ್ಕೆ ಅಮೆರಿಕದ್ದು. ಎರಡೂ ಒಟ್ಟಿಗೆ ಉಳಿದ ಲಕೋಟೆಗಳು ತೀರ ವಿರಳ. ನನ್ನ ಬಳಿ ಇಲ್ಲ, ಇದ್ದರೆ ಎಂದು ಆಸೆಪಡುವುದನ್ನು ಬಿಟ್ಟೂ ಇಲ್ಲ. ವಿರಳವಾದಲ್ಲಿ ನಕಲಿಯೂ ಇರುತ್ತದೆ. ಆ ಕಾಲದ ಜಪಾನಿ ಚೀಟಿಗಳ ನಕಲುಗಳನ್ನು ಪ್ರವಾಸಿಗರಿಗೆ ರಾಶಿ ರಾಶಿ ಮಾರಿದ್ದಾರೆ. ಹಲವುಗಳಲ್ಲಿ ‘ಮಾದರಿ’, ‘ಅನುಕರಣೆ’ ಎಂಬರ್ಥದ ಸಣ್ಣ ಜಪಾನಿ ಅಕ್ಷರಗಳನ್ನೂ ಅವರೇ ಅಚ್ಚುಹಾಕಿರುತ್ತಾರೆ, ಭೂತಗನ್ನಡಿ ಹಿಡಿದರೆ ಕಾಣುತ್ತದೆ. ಹಳೆಯ ಲಕೋಟೆಗೆ ಆಮೇಲೆ ಚೀಟಿ ಅಂಟಿಸಿದ್ದರೆ ಠಸ್ಸೆಯ ಗೆರೆ ಚೀಟಿಯ ಅಂಚಿನಲ್ಲೇ ನಿಂತುಬಿಡುತ್ತದೆ. ನಾನು ಮೊದಲು ನೋಡುವುದು ಅದನ್ನೇ.

ಜಪಾನ್ ಅಮೆರಿಕದೊಂದಿಗೆ ಮಾಡಿಕೊಂಡ ಅಂಚೆ ಒಪ್ಪಂದ 1875ರ ಜನವರಿ 1ರಂದು ಜಾರಿಗೆ ಬಂತು, ಅಮೆರಿಕದ ಕಚೇರಿ ಮುಚ್ಚಿತು. 1877ರಲ್ಲಿ ಜಪಾನ್ ವಿಶ್ವ ಅಂಚೆ ಒಕ್ಕೂಟವನ್ನು, ಅಂದರೆ ಒಬ್ಬರ ಕಾಗದವನ್ನು ಇನ್ನೊಬ್ಬರು ತಲುಪಿಸಲು ಒಪ್ಪಿದ ದೇಶಗಳ ಕೂಟವನ್ನು, ಸೇರಿತು. ಬ್ರಿಟಿಷರು 1879ರ ಕೊನೆಗೆ ಹೊರಟರು, ಫ್ರೆಂಚರು ಮರುವರ್ಷ ಮಾರ್ಚ್‌ನಲ್ಲಿ. ಮನೆಯ ಬಾಗಿಲು ಮನೆಯವರ ಕೈಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು.

ಆದ್ದರಿಂದ ಜಪಾನಿನ ಚೀಟಿ ಎಲ್ಲಿ ಎಂದು ಕೇಳಿದವರಿಗೆ ಕಡತದ ಕೊನೆಯ ಪುಟವನ್ನು ತೆರೆಯುತ್ತೇನೆ. 1875ರ ಆ ಹೊಸ ವರ್ಷಕ್ಕೆ ವಿದೇಶದ ಅಂಚೆಗೆಂದೇ ಜಪಾನಿನವರು ಹೊರತಂದ ಮೂರು ಚೀಟಿಗಳು ಅಲ್ಲಿವೆ. ಹನ್ನೆರಡು ಸೆನ್‌ನದರಲ್ಲಿ (ಸೆನ್ ಎಂದರೆ ಜಪಾನಿನ ಚಿಲ್ಲರೆ ನಾಣ್ಯ) ಕಾಡು ಹೆಬ್ಬಾತು, ಹದಿನೈದರಲ್ಲಿ ಬಾಲ ಕುಣಿಸುವ ಪುಟ್ಟ ಹಕ್ಕಿ, ನಲವತ್ತೈದರಲ್ಲಿ ಡೇಗೆ.